ರೈಟಿಂಗ್‌ನಲ್ಲಿ ಇಪ್ಪತ್ತು ಅಂಕ ಕಡಿಮೆ ಬಂತು, ಗ್ರಾಮರ್ ಎಲ್ಲಿಂದ ಸರಿ ಮಾಡುವುದು?

ಈ ಭಾನುವಾರ ಉತ್ತರ ಕೊಡುವವರು: ಕಂಕನಾಡಿಯಲ್ಲಿ ಒಇಟಿ (ಆಸ್ಪತ್ರೆ ಕೆಲಸದವರ ಇಂಗ್ಲಿಷ್ ಪರೀಕ್ಷೆ), ಐಇಎಲ್‌ಟಿಎಸ್ (ವಿದೇಶಕ್ಕೆ ಹೋಗುವವರು ಬರೆಯುವ ಸಾಮಾನ್ಯ ಇಂಗ್ಲಿಷ್ ಪರೀಕ್ಷೆ) ಬರೆಯುವವರಿಗೆ ಹದಿನಾಲ್ಕು ವರ್ಷದಿಂದ ಪಾಠ ಹೇಳುತ್ತಿರುವ ನಮ್ಮ ಗುಂಪಿನ ಇಂಗ್ಲಿಷ್ ಮೇಡಂ.

ಪ್ರಶ್ನೆ: ಬಂಟ್ವಾಳದ ಸ್ಟಾಫ್ ನರ್ಸ್

ನಮಸ್ತೆ ಮೇಡಂ. ನಾನು ಮಂಗಳೂರಿನ ಒಂದು ಆಸ್ಪತ್ರೆಯ ಮೆಡಿಕಲ್ ವಾರ್ಡಿನಲ್ಲಿ ಆರು ವರ್ಷದಿಂದ ಇದ್ದೇನೆ. ಯುಕೆಗೆ ಹೋಗ್ಲಿಕ್ಕೆ ಅಂತ ಒಇಟಿ ಬರೆದೆ. ಲಿಸನಿಂಗ್, ರೀಡಿಂಗ್, ಸ್ಪೀಕಿಂಗ್ ಮೂರರಲ್ಲೂ ಬಿ ಗ್ರೇಡ್ ಬಂತು. ರೈಟಿಂಗ್ ಮಾತ್ರ 280. ಅಲ್ಲಿಯ ನರ್ಸಿಂಗ್ ಕೌನ್ಸಿಲ್‌ಗೆ, ಅದೇ ಎನ್‌ಎಂಸಿಗೆ, ರೈಟಿಂಗ್‌ನಲ್ಲಿ ಸಿ ಪ್ಲಸ್ ಬೇಕು, ಅಂದರೆ 300. ಇಪ್ಪತ್ತು ಅಂಕಕ್ಕೆ ಎಲ್ಲ ನಿಂತಿದೆ.

ಹತ್ತನೇವರೆಗೆ ನಾನು ಕನ್ನಡ ಮೀಡಿಯಂ. ಕೋಚಿಂಗಿನಲ್ಲಿ ಹನ್ನೆರಡು ಟೆನ್ಸಿನ ಚಾರ್ಟ್ ಕೊಟ್ಟಿದ್ದರು, ಅದು ಬಾಯಿಪಾಠ ಉಂಟು. ಪೇಪರ್ ಮುಂದೆ ಕೂತರೆ ಒಂದೂ ನೆನಪಿಗೆ ಬರುವುದಿಲ್ಲ. ಮೊನ್ನೆ ಪ್ರಾಕ್ಟೀಸಿಗೆ ಬರೆದದ್ದನ್ನು ಕೆಳಗೆ ಹಾಕಿದ್ದೇನೆ. ಎಲ್ಲಿ ತಪ್ಪಿದೆ ಅಂತ ಮುಲಾಜಿಲ್ಲದೆ ಹೇಳಿ.

‘ದಿ ಪೇಶೆಂಟ್ ಈಸ್ ಎ 65 ಇಯರ್ಸ್ ಓಲ್ಡ್ ಮ್ಯಾನ್, ಹೀ ಈಸ್ ಹ್ಯಾವಿಂಗ್ ಡಯಾಬಿಟಿಸ್ ಸಿನ್ಸ್ ಟೆನ್ ಇಯರ್ಸ್. ಯೆಸ್ಟರ್‌ಡೇ ಹೀ ಹ್ಯಾಡ್ ಫಾಲನ್ ಇನ್ ಬಾತ್‌ರೂಮ್, ಸೋ ಅಡ್ಮಿಟೆಡ್ ಟು ಅವರ್ ವಾರ್ಡ್. ಆಫ್ಟರ್ ಟೇಕಿಂಗ್ ಎಕ್ಸ್‌ರೇ, ನೋ ಫ್ರ್ಯಾಕ್ಚರ್.’

ಉತ್ತರ: ಮೇಡಂ

ಮೊದಲೇ ಒಂದು ಮಾತು. 280 ಬಂದದ್ದಕ್ಕೆ ಗ್ರಾಮರ್ ಒಂದೇ ಕಾರಣ ಅಂತ ತೀರ್ಮಾನ ಮಾಡಬೇಡಿ. ಒಇಟಿ ರೈಟಿಂಗಿನಲ್ಲಿ ಕೇಸ್ ನೋಟ್ಸ್, ಅಂದರೆ ರೋಗಿಯ ಬಗ್ಗೆ ಟಿಪ್ಪಣಿ, ಕೊಟ್ಟು ಪತ್ರ ಬರೆಸುತ್ತಾರೆ. ಆ ಪತ್ರವನ್ನು ಆರು ಅಳತೆಗಳಲ್ಲಿ ನೋಡುತ್ತಾರೆ. ಭಾಷೆ ಅದರಲ್ಲಿ ಒಂದು. ಪತ್ರ ಯಾಕೆ ಬರೆದದ್ದು ಅನ್ನುವುದು ಶುರುವಿನಲ್ಲೇ ತಿಳಿಯುತ್ತದಾ, ಓದುವ ಡಾಕ್ಟರಿಗೋ ನರ್ಸಿಗೋ ಬೇಕಾದ ವಿಷಯ ಮಾತ್ರ ಉಂಟಾ, ಚುಟುಕಾಗಿ ಉಂಟಾ, ಧಾಟಿ ವೃತ್ತಿಗೆ ತಕ್ಕ ಹಾಗೆ ಉಂಟಾ, ಜೋಡಣೆ ಸರಿಯಾ, ಇವೆಲ್ಲ ಬೇರೆ ಬೇರೆ. ಕೇಸ್ ನೋಟ್ಸಿನಲ್ಲಿ ಇದ್ದದ್ದನ್ನೆಲ್ಲ ತುಂಬಿಸಿ 260 ಪದ ಬರೆದವರಿಗೆ ಗ್ರಾಮರ್ ಸರಿ ಇದ್ದರೂ ಅಂಕ ಇಳಿಯುತ್ತದೆ. ಅವರು ಕೇಳುವುದು ಸುಮಾರು 180ರಿಂದ 200 ಪದ.

ಈಗ ನಿಮ್ಮ ಪ್ಯಾರಾ. ಓದುವಾಗ ನನಗೆ ಒಳಗಿನಿಂದ ಕನ್ನಡ ಕೇಳಿಸಿತು. ‘ಹತ್ತು ವರ್ಷದಿಂದ ಡಯಾಬಿಟಿಸ್ ಉಂಟು. ನಿನ್ನೆ ಬಾತ್‌ರೂಮಿನಲ್ಲಿ ಬಿದ್ದಿದ್ದರು, ಹಾಗೆ ವಾರ್ಡಿಗೆ ಅಡ್ಮಿಟ್ ಮಾಡಿದ್ರು. ಎಕ್ಸ್‌ರೇ ತೆಗೆದಾಗ ಫ್ರ್ಯಾಕ್ಚರ್ ಇಲ್ಲ.’ ಕನ್ನಡದಲ್ಲಿ ಇದರಲ್ಲಿ ಒಂದು ತಪ್ಪೂ ಇಲ್ಲ ನೋಡಿ. ನಿಮ್ಮ ತಪ್ಪುಗಳು ಚಾರ್ಟಿನಲ್ಲಿ ಸಿಗದೇ ಇರುವುದು ಅದಕ್ಕೇ. ಚಾರ್ಟ್ ಮಾಡಿದವರು ನೀವು ಯಾವ ಭಾಷೆಯಿಂದ ಬಂದವರು ಅಂತ ನೋಡಿ ಮಾಡಿದ್ದಲ್ಲ.

‘ಹತ್ತು ವರ್ಷದಿಂದ’ ತೆಗೆದುಕೊಳ್ಳಿ. ನಮ್ಮ ‘ಇಂದ’ ಎರಡು ಕೆಲಸ ಮಾಡುತ್ತದೆ. ‘2015ರಿಂದ’ ಅಂದರೆ ಶುರುವಾದ ಹೊತ್ತು, ‘ಹತ್ತು ವರ್ಷದಿಂದ’ ಅಂದರೆ ಎಷ್ಟು ಕಾಲ ಆಯಿತು ಅನ್ನುವುದು. ಇಂಗ್ಲಿಷಿನಲ್ಲಿ ಎರಡಕ್ಕೂ ಬೇರೆ ಬೇರೆ ಪದ: ‘ಸಿನ್ಸ್ 2015’, ‘ಫಾರ್ ಟೆನ್ ಇಯರ್ಸ್’. ಮತ್ತೆ, ಹಿಂದೆ ಶುರುವಾಗಿ ಈಗಲೂ ಇರುವುದಕ್ಕೆ ನಾವು ‘ಉಂಟು’, ‘ಇದೆ’ ಅಂತ ವರ್ತಮಾನದಲ್ಲಿ ಹೇಳುತ್ತೇವೆ. ಅವರಿಗೆ ಅಲ್ಲಿ ‘ಹ್ಯಾಸ್ ಹ್ಯಾಡ್’ ಬೇಕು. ‘ಈಸ್ ಹ್ಯಾವಿಂಗ್’ ಆಗುವುದಿಲ್ಲ, ಕಾಯಿಲೆ ಊಟದ ಹಾಗೆ ಮಾಡುತ್ತಾ ಇರುವ ಕೆಲಸ ಅಲ್ಲವಲ್ಲ. ‘ಹೀ ಹ್ಯಾಸ್ ಹ್ಯಾಡ್ ಡಯಾಬಿಟಿಸ್ ಫಾರ್ ಟೆನ್ ಇಯರ್ಸ್.’ ಈ ಒಂದು ವಾಕ್ಯ ನಾಲಿಗೆಗೆ ಹತ್ತಿದರೆ ನಿಮ್ಮ ಪತ್ರಗಳ ಕಾಲು ಭಾಗ ತಪ್ಪು ಹೋಯಿತು. ಬಿಪಿ, ಆಸ್ತಮಾ, ಸೊಂಟನೋವು ಏನೇ ಬರಲಿ, ಅಚ್ಚು ಅದೇ.

‘ಹ್ಯಾಡ್ ಫಾಲನ್’ ಬಂದದ್ದು ‘ಬಿದ್ದಿದ್ದರು’ ಅನ್ನುವುದರಿಂದ. ನಾವು ‘ನಿನ್ನೆ ಉಡುಪಿಗೆ ಹೋಗಿದ್ದೆ’ ಅನ್ನುತ್ತೇವೆ, ಬರೀ ‘ಹೋದೆ’ ಅನ್ನುವುದು ಕಡಿಮೆ. ಇಂಗ್ಲಿಷಿನಲ್ಲಿ ‘ಹ್ಯಾಡ್’ ಬೇಕಾದರೆ ಅದರ ನಂತರ ನಡೆದ ಇನ್ನೊಂದು ಸಂಗತಿ ಅಲ್ಲೇ ಎದುರಿಗೆ ಇರಬೇಕು, ಯಾವುದು ಮೊದಲು ಅಂತ ತೋರಿಸುವ ಅಗತ್ಯ ಇರಬೇಕು. ಒಂಟಿ ಸಂಗತಿಗೆ ‘ಯೆಸ್ಟರ್‌ಡೇ ಹೀ ಫೆಲ್’ ಸಾಕು. ನನ್ನಲ್ಲಿಗೆ ಬರುವ ಹತ್ತು ಜನರಲ್ಲಿ ಎಂಟು ಜನ ಈ ‘ಹ್ಯಾಡ್’ ಹಾಕುವವರೇ. ಗೌರವದ ಇಂಗ್ಲಿಷ್ ಅಂತ ಅಂದುಕೊಂಡಿರುತ್ತಾರೋ ಏನೋ.

‘ಸೋ ಅಡ್ಮಿಟೆಡ್’ ಅಂದಾಗ ಯಾರು, ಯಾರನ್ನು? ನಮ್ಮಲ್ಲಿ ಕ್ರಿಯಾಪದದ ಬಾಲ ನೋಡಿದರೆ ಕರ್ತೃ ತಿಳಿಯುತ್ತದೆ, ಹಾಗಾಗಿ ಬಿಟ್ಟರೂ ನಡೆಯುತ್ತದೆ. ಅದರ ಮೇಲೆ ನಿಮಗೆ ಆರು ವರ್ಷದಿಂದ ನರ್ಸಸ್ ನೋಟ್ಸ್ ಬರೆದು ಅಭ್ಯಾಸ. ಅಲ್ಲಿ ‘ಕೇಮ್ ವಿತ್ ಫೀವರ್, ಗಿವನ್ ಪ್ಯಾರಾಸಿಟಮಾಲ್’ ಅಂತ ಗೀಚಿದರೆ ಸಾಕು. ಪರೀಕ್ಷೆಯಲ್ಲಿ ಕೊಡುವ ಕೇಸ್ ನೋಟ್ಸ್ ಸಹ ಹಾಗೇ ತುಂಡು ತುಂಡು. ಆ ತುಂಡುಗಳನ್ನು ಪೂರ್ತಿ ವಾಕ್ಯ ಮಾಡುತ್ತೀರಾ ಅನ್ನುವುದೇ ಅಲ್ಲಿಯ ಪರೀಕ್ಷೆ. ‘ಹೀ ವಾಸ್ ಅಡ್ಮಿಟೆಡ್.’ ಕನ್ನಡದಲ್ಲಿ ‘ದಾಖಲಿಸಲಾಯಿತು’ ಅಂದರೆ ಸರಕಾರಿ ಸುತ್ತೋಲೆ ಓದಿದ ಹಾಗೆ ಆಗುತ್ತದೆ, ಅದಕ್ಕೆ ಪ್ಯಾಸಿವ್ ನಮಗೆ ಕೈಗೆ ಬರುವುದಿಲ್ಲ. ಆಸ್ಪತ್ರೆಯ ಇಂಗ್ಲಿಷಿಗೆ ಮಾತ್ರ ಅದು ಅನ್ನದ ಹಾಗೆ, ದಿನಾ ಬೇಕು.

ಕಡೆಯ ವಾಕ್ಯ. ‘ಆಫ್ಟರ್ ಟೇಕಿಂಗ್’ ಅಂತ ಶುರು ಮಾಡಿದರೆ ಅಲ್ಪವಿರಾಮದ ಆಚೆ ಕೂರುವವನೇ ಆ ಕೆಲಸ ಮಾಡಿದವನು ಅಂತ ಇಂಗ್ಲಿಷಿನ ಲೆಕ್ಕ. ‘ಆಫ್ಟರ್ ಟೇಕಿಂಗ್ ದಿ ಟ್ಯಾಬ್ಲೆಟ್, ದಿ ಡಾಕ್ಟರ್ ಡಿಸ್ಚಾರ್ಜ್‌ಡ್ ಹಿಮ್’ ಅಂತ ಬರೆದರೆ ಮಾತ್ರೆ ನುಂಗಿದ್ದು ಡಾಕ್ಟರ್! ಕನ್ನಡದ ‘ತೆಗೆದುಕೊಂಡ ಮೇಲೆ’ಗೆ ಈ ಕಟ್ಟು ಇಲ್ಲ. ನಿಮ್ಮ ವಾಕ್ಯದಲ್ಲಿ ಅಲ್ಪವಿರಾಮದ ಆಚೆ ಯಾರೂ ಇಲ್ಲ, ಕ್ರಿಯಾಪದವೂ ಇಲ್ಲ. ಎಕ್ಸ್‌ರೇಯನ್ನೇ ಮುಂದೆ ತಂದು ಕೂರಿಸಿ: ‘ಆ್ಯನ್ ಎಕ್ಸ್‌ರೇ ಶೋಡ್ ನೋ ಫ್ರ್ಯಾಕ್ಚರ್.’

ಸಣ್ಣದು ಎರಡು. ‘65 ಇಯರ್ಸ್ ಓಲ್ಡ್ ಮ್ಯಾನ್’ ಅಲ್ಲ, ‘ಇಯರ್’. ನಾವೂ ‘65 ವರ್ಷಗಳ ಗಂಡಸು’ ಅನ್ನುವುದಿಲ್ಲ, ‘ವರ್ಷದ’ ಅನ್ನುತ್ತೇವೆ, ಹಾಗೆ ನೆನಪಿಡಿ. ‘ಮ್ಯಾನ್’ ಆದ ಮೇಲೆ ಬರೀ ಅಲ್ಪವಿರಾಮ ಹಾಕಿ ‘ಹೀ ಈಸ್’ ಅಂತ ಇನ್ನೊಂದು ವಾಕ್ಯ ಅಂಟಿಸಬಾರದು. ಒಂದೋ ಪೂರ್ಣವಿರಾಮ, ಇಲ್ಲದಿದ್ದರೆ ‘ಹೂ’.

ಪ್ರತಿಕ್ರಿಯೆ: ನಿವೃತ್ತ ಇಂಗ್ಲಿಷ್ ಉಪನ್ಯಾಸಕರು, ಕುಂದಾಪುರ

ಕ್ಷಮಿಸಿ ಮೇಡಂ, ಇದಕ್ಕೆಲ್ಲ ಬುನಾದಿ ಇಲ್ಲದ್ದೇ ಕಾರಣ. ಪಾರ್ಟ್ಸ್ ಆಫ್ ಸ್ಪೀಚಿನಿಂದ ಕ್ರಮವಾಗಿ ಬಂದರೆ ಯಾವ ತಪ್ಪೂ ಉಳಿಯುವುದಿಲ್ಲ. ತಪ್ಪಾದಲ್ಲಿ ತೇಪೆ ಹಾಕುತ್ತಾ ಹೋದರೆ ಎಷ್ಟು ದಿನ?

ಉತ್ತರ: ಮೇಡಂ

ಸರ್, ಹೈಸ್ಕೂಲ್ ಮಕ್ಕಳಿಗಾದರೆ ನಿಮ್ಮ ದಾರಿಯೇ ಸರಿ. ಇವರು ವಾರಕ್ಕೆ ಮೂರು ನೈಟ್ ಡ್ಯೂಟಿ ಮಾಡಿ, ಬೆಳಿಗ್ಗೆ ಬಸ್ಸಿನಲ್ಲಿ ನಿದ್ದೆ ತೂಗುತ್ತಾ ಊರಿಗೆ ಹೋಗುವವರು. ಇರುವ ಎರಡು ತಿಂಗಳಲ್ಲಿ ನಾಮಪದದ ವಿಧಗಳಿಗೆ ಮೂರು ವಾರ ಕೊಡಲಿಕ್ಕೆ ನನಗೆ ಮನಸ್ಸು ಬರುವುದಿಲ್ಲ. ಒಬ್ಬರ ತಪ್ಪುಗಳನ್ನು ಗುರುತು ಮಾಡುತ್ತಾ ಹೋದರೆ ಆರೇಳು ಬಗೆ ಸಿಗುತ್ತವೆ, ಅವೇ ತಿರುಗಿ ತಿರುಗಿ ಬರುತ್ತವೆ. ತೇಪೆ ಅಂದರೆ ತೇಪೆಯೇ, ಒಪ್ಪಿದೆ.

ಪ್ರಶ್ನೆ: ಉಡುಪಿಯಿಂದ, ಬಿಇ ಮುಗಿಸಿದವ

ಮೇಡಂ, ನನ್ನದು ಐಇಎಲ್‌ಟಿಎಸ್ ಅಕಾಡೆಮಿಕ್. ರೈಟಿಂಗ್ 6 ಬಂದಿದೆ, 7 ಬೇಕು. ಕಾಂಪ್ಲೆಕ್ಸ್ ಸೆಂಟೆನ್ಸ್ ಜಾಸ್ತಿ ಹಾಕಿದರೆ ಬ್ಯಾಂಡ್ ಏರ್ತದೆ ಅಂತ ಫ್ರೆಂಡ್ಸ್ ಹೇಳ್ತಾರೆ. ಒಂದು ಪ್ಯಾರಾಕ್ಕೆ ಎಷ್ಟು ಹಾಕಬೇಕು?

ಉತ್ತರ: ಮೇಡಂ

ಲೆಕ್ಕ ಇಟ್ಟು ಹಾಕಲಿಕ್ಕೆ ಅದು ಒಗ್ಗರಣೆಯ ಸಾಸಿವೆ ಅಲ್ಲ ಮಾರಾಯ. ಗ್ರಾಮರಿನ ಅಳತೆಗೋಲಿನಲ್ಲಿ 6ಕ್ಕೂ 7ಕ್ಕೂ ಇರುವ ವ್ಯತ್ಯಾಸ ನೋಡು. ಸರಳ ವಾಕ್ಯ, ಸಂಕೀರ್ಣ ವಾಕ್ಯ ಎರಡೂ ಬೆರೆಸಿ ಬರೆದು, ಅಲ್ಲಲ್ಲಿ ತಪ್ಪಿದರೂ ಅರ್ಥ ಕೆಡದಿದ್ದರೆ 6. ಸಂಕೀರ್ಣ ವಾಕ್ಯಗಳಲ್ಲಿ ವೈವಿಧ್ಯ ಇದ್ದು, ತಪ್ಪೇ ಇಲ್ಲದ ವಾಕ್ಯಗಳು ಮತ್ತೆ ಮತ್ತೆ ಬಂದರೆ 7. ಅಂದರೆ ನೀನು ಉದ್ದ ಮಾಡಿದ ಪ್ರತಿ ವಾಕ್ಯದಲ್ಲೂ ಒಂದು ತಪ್ಪು ಕೂತಿದ್ದರೆ ಇರುವ 6 ಸಹ ಅಲ್ಲಾಡುತ್ತದೆ. ಗ್ರಾಮರಿಗೆ ನಾಲ್ಕರಲ್ಲಿ ಒಂದು ಪಾಲು. ಎರಡನೇ ಟಾಸ್ಕಿಗೆ, ಆ 250 ಪದದ ಪ್ರಬಂಧಕ್ಕೆ, ಮೊದಲನೆಯದರ ಎರಡರಷ್ಟು ತೂಕ. 60 ನಿಮಿಷದಲ್ಲಿ 40 ಅದಕ್ಕೆ ಇಡು.

ನಮ್ಮವರ ಉದ್ದ ವಾಕ್ಯ ಮುರಿಯುವ ಜಾಗ ಒಂದೇ. ಕನ್ನಡದಲ್ಲಿ ‘ಮಂಗಳೂರಿಗೆ ಹೋಗುವ ಬಸ್’: ವಿವರ ಮೊದಲು, ಬಸ್ ಕೊನೆಗೆ. ಇಂಗ್ಲಿಷಿನಲ್ಲಿ ಬಸ್ ಮುಂದೆ, ವಿವರ ಅದರ ಹಿಂದೆ: ‘ದಿ ಬಸ್ ದ್ಯಾಟ್ ಗೋಸ್ ಟು ಮಂಗಳೂರು’. ತಿರುಗಿಸಲಿಕ್ಕೆ ಎಲ್ಲರಿಗೂ ಬರುತ್ತದೆ. ತಿರುಗಿಸಿದ ಸುಸ್ತಿಗೋ ಏನೋ, ಕರ್ತೃವನ್ನು ಇನ್ನೊಮ್ಮೆ ಕೂಗುತ್ತಾರೆ: ‘ದಿ ಬಸ್ ದ್ಯಾಟ್ ಗೋಸ್ ಟು ಮಂಗಳೂರು ಇಟ್ ಈಸ್ ಕ್ರೌಡೆಡ್’. ಆ ‘ಇಟ್’ ಹೊಡೆದು ಹಾಕು.

ಇನ್ನೊಂದು ನಮ್ಮ ಭಾಷೆಯಲ್ಲಿ ಕಾಣಿಸದ ವಿಷಯ. ‘ದುಬೈಯಲ್ಲಿರುವ ನನ್ನ ಅಣ್ಣ’ ಅಂದರೆ ಅಣ್ಣಂದಿರು ಎಷ್ಟು ಮಂದಿ ಅಂತ ತಿಳಿಯುವುದಿಲ್ಲ. ಇಂಗ್ಲಿಷಿನಲ್ಲಿ ಅಲ್ಪವಿರಾಮ ಅದನ್ನು ಹೇಳಿಬಿಡುತ್ತದೆ. ‘ಮೈ ಬ್ರದರ್, ಹೂ ಲಿವ್ಸ್ ಇನ್ ದುಬೈ,’ ಅಂತ ಎರಡು ಕಡೆ ಅಲ್ಪವಿರಾಮ ಹಾಕಿದರೆ ಇರುವುದು ಒಬ್ಬನೇ, ದುಬೈ ಹೆಚ್ಚಿನ ಮಾಹಿತಿ. ಹಾಕದಿದ್ದರೆ ಅಣ್ಣಂದಿರು ಬೇರೆಯೂ ಇದ್ದಾರೆ, ದುಬೈಯವನ ಸಂಗತಿ ಮಾತ್ರ ಹೇಳುತ್ತಿದ್ದೀ. ಹಾಗೇ ‘ಸ್ಟೂಡೆಂಟ್ಸ್, ಹೂ ಯೂಸ್ ಫೋನ್ಸ್ ಇನ್ ಕ್ಲಾಸ್, ಲರ್ನ್ ಲೆಸ್’ ಅಂತ ಬರೆದರೆ ಲೋಕದ ಎಲ್ಲಾ ವಿದ್ಯಾರ್ಥಿಗಳನ್ನೂ ಬೈದ ಹಾಗಾಯಿತು.

ಅಭ್ಯಾಸಕ್ಕೆ ದಿನಾ ಒಂದೇ ಕೆಲಸ. ಮೂರು ಪುಟ್ಟ ವಾಕ್ಯ ಬರಿ. ‘ಮಳೆ ಜೋರಿತ್ತು. ರೈಲು ತಡವಾಯಿತು. ನಾನು ಇಂಟರ್‌ವ್ಯೂ ತಪ್ಪಿಸಿಕೊಂಡೆ.’ ಅವನ್ನು ಇಂಗ್ಲಿಷಿನಲ್ಲಿ ಮೂರು ರೀತಿಯಲ್ಲಿ ಒಂದು ಮಾಡು: ಒಮ್ಮೆ ‘ಬಿಕಾಸ್’, ಒಮ್ಮೆ ‘ವಿಚ್’, ಒಮ್ಮೆ ‘ಇಫ್’ ಹಾಕಿ. ‘ಆಲ್ದೋ’ ಹಾಕುವ ಹೊತ್ತು ಬಂದರೆ ಅದರ ಜೊತೆ ‘ಬಟ್’ ತರಬೇಡ. ಬಾಯಿಪಾಠದ ಶುರುವಾತು ಬಿಡು, ‘ಇನ್ ದಿಸ್ ಮಾಡರ್ನ್ ಎರಾ’ ಓದಿ ಓದಿ ನನಗೇ ಸಾಕಾಗಿದೆ, ಪರೀಕ್ಷಕರ ಪಾಡು ಕೇಳಬೇಡ. ಕಂಪ್ಯೂಟರಿನಲ್ಲಿ ಪರೀಕ್ಷೆ ಆದರೆ ಮನೆಯಲ್ಲೂ ಟೈಪ್ ಮಾಡಿಯೇ ಬರಿ, ತಪ್ಪು ಸ್ಪೆಲ್ಲಿಂಗಿನ ಕೆಳಗೆ ಬರುವ ಕೆಂಪು ಗೆರೆ ಮೊದಲೇ ಆಫ್ ಮಾಡಿಕೊ. ಅಲ್ಲಿ ಆ ಗೆರೆ ಬರುವುದಿಲ್ಲ.

ಪ್ರಶ್ನೆ: ಮೂಡುಬಿದಿರೆಯ ನರ್ಸಿಂಗ್ ವಿದ್ಯಾರ್ಥಿನಿ

ಅಕ್ಕ, ಮನೆಯಲ್ಲಿ ನಾವು ಮಾತಾಡುವುದು ತುಳು. ನನಗೆ ಈ ಎ, ಆ್ಯನ್, ದಿ ಎಲ್ಲಿ ಹಾಕುವುದು ಅಂತಲೇ ಗೊತ್ತಾಗುವುದಿಲ್ಲ. ‘ಹ್ಯಾಸ್ ಕಮ್’, ‘ಕೇಮ್’ ಸಹ ಕನ್ಫ್ಯೂಸ್.

ಉತ್ತರ: ಮೇಡಂ

ತುಳುವಿನವರು ಎರಡನೆಯದಕ್ಕೆ ಹೆದರಬಾರದು. ‘ಆರ್ ಬತ್ತೆರ್’, ‘ಆರ್ ಬೈದೆರ್’ ಎರಡಕ್ಕೂ ವ್ಯತ್ಯಾಸ ನಿನ್ನ ಕಿವಿಗೆ ಗೊತ್ತುಂಟು. ‘ಬೈದೆರ್’ ಅಂದಾಗ ಬಂದು ಈಗ ಇಲ್ಲಿದ್ದಾರೆ ಅನ್ನಿಸುತ್ತದಲ್ಲ, ‘ಹ್ಯಾಸ್ ಕಮ್’ ಆ ಜಾಗದ್ದು. ಒಂದೇ ಎಚ್ಚರ: ‘ಯೆಸ್ಟರ್‌ಡೇ’ ಅಂತಲೋ ‘2019ರಲ್ಲಿ’ ಅಂತಲೋ ಮುಗಿದುಹೋದ ಹೊತ್ತಿನ ಹೆಸರು ಹೇಳಿದರೆ ‘ಹ್ಯಾಸ್’ ಬಿಟ್ಟುಬಿಡು.

ಎ, ಆ್ಯನ್ ಗುಟ್ಟು ಕನ್ನಡ ಅಕ್ಷರಮಾಲೆಯಲ್ಲೇ ಉಂಟು. ಇಂಗ್ಲಿಷ್ ಪದವನ್ನು ಕನ್ನಡದಲ್ಲಿ ಬರೆದು ನೋಡು. ಸ್ವರದಿಂದ ಶುರುವಾದರೆ ‘ಆ್ಯನ್’, ವ್ಯಂಜನದಿಂದ ಶುರುವಾದರೆ ‘ಎ’. ಎಂಆರ್‌ಐ: ಎ ಸ್ವರ, ಆ್ಯನ್ ಎಂಆರ್‌ಐ. ಅವರ್ ಅಂದರೆ ಗಂಟೆ: ಆ್ಯನ್ ಅವರ್. ಯೂನಿವರ್ಸಿಟಿ: ಯ ವ್ಯಂಜನ, ಎ ಯೂನಿವರ್ಸಿಟಿ. ಇಂಗ್ಲಿಷ್ ಸ್ಪೆಲ್ಲಿಂಗ್ ನೋಡಿದರೆ ಮೋಸ ಹೋಗುತ್ತೀ, ಕನ್ನಡ ಲಿಪಿ ಇಲ್ಲಿ ಮೋಸ ಮಾಡುವುದಿಲ್ಲ. ನೀನು ‘ಯೆಮ್ಮಾರೈ’ ಅಂತ ಬರೆಯದಿದ್ದರೆ!

‘ದಿ’ ಬಗ್ಗೆ: ಓದುವವರಿಗೆ ಯಾವುದು ಅಂತ ಆಗಲೇ ಗೊತ್ತುಂಟಾ ಕೇಳಿಕೋ. ಪತ್ರದಲ್ಲಿ ಮೊದಲ ಸಲ ‘ಎ ವೂಂಡ್ ಆನ್ ಹಿಸ್ ಲೆಫ್ಟ್ ಫುಟ್’, ಮುಂದಿನ ಸಾಲಿನಿಂದ ‘ದಿ ವೂಂಡ್’. ನಮ್ಮ ‘ಒಂದು ಗಾಯ’, ‘ಆ ಗಾಯ’ ಇದ್ದ ಹಾಗೆ. ಪೂರ್ತಿ ಹೊಂದುವುದಿಲ್ಲ, ಆದರೆ ಹತ್ತರಲ್ಲಿ ಏಳು ಸಲ ದಡ ಸೇರಿಸುತ್ತದೆ.

ಸ್ಪೀಕಿಂಗಿಗೂ ಒಂದು ಹೇಳಿಬಿಡುತ್ತೇನೆ. ಒಇಟಿಯಲ್ಲಿ ಎರಡು ರೋಲ್ ಪ್ಲೇ, ಸುಮಾರು ಐದೈದು ನಿಮಿಷ. ಪೇಶೆಂಟ್ ಹತ್ತಿರ ಮೆತ್ತಗೆ ಕೇಳಬೇಕು ಅಂತ ‘ಕ್ಯಾನ್ ಯು ಟೆಲ್ ಮಿ’ ಹಾಕುತ್ತೀರಿ, ಒಳ್ಳೆಯದು. ಆದರೆ ಅದರ ನಂತರ ‘ವೇರ್ ಈಸ್ ದಿ ಪೇನ್’ ಬಾರದು, ‘ವೇರ್ ದಿ ಪೇನ್ ಈಸ್’. ನೋವು ಎಲ್ಲಿ ಉಂಟು ಅಂತ, ಕ್ರಿಯಾಪದ ಕಡೆಗೆ. ಇದೊಂದು ಕಡೆ ಇಂಗ್ಲಿಷ್ ಕನ್ನಡದ ದಾರಿಗೆ ಬಂದಿದೆ. ಮತ್ತೆ ನಮ್ಮ ಮಂಗಳೂರಿನ ‘ಯೆಸ್ಟರ್‌ಡೇ ಓನ್ಲಿ’, ‘ಟುಡೇ ಇಟ್‌ಸೆಲ್ಫ್’. ‘ನಿನ್ನೆಯೇ’ದ ಆ ‘ಏ’ ಇಂಗ್ಲಿಷಿಗೆ ಹೋಗಿ ಕೂತದ್ದು. ಬಸ್‌ಸ್ಟ್ಯಾಂಡಿನಲ್ಲಿ ಚೆಂದ, ಪರೀಕ್ಷೆಯಲ್ಲಿ ಬೇಡ.

ಮರುಪ್ರಶ್ನೆ: ಬಂಟ್ವಾಳದ ಸ್ಟಾಫ್ ನರ್ಸ್

ಮೇಡಂ, ಉತ್ತರವನ್ನು ನಾಲ್ಕು ಸಲ ಓದಿದೆ. ದಿನಕ್ಕೆ ನನಗೆ ಸಿಗುವುದು ಒಂದು ಗಂಟೆ. ಹೇಗೆ ಹಂಚುವುದು?

ಉತ್ತರ: ಮೇಡಂ

ದಿನಾ ಒಂದು ಪತ್ರ ಬೇಡ, ವಾರಕ್ಕೆ ಎರಡು ಸಾಕು. ಪರೀಕ್ಷೆಯ ಹಾಗೆಯೇ ಐದು ನಿಮಿಷ ಓದು, 40 ನಿಮಿಷ ಬರೆ. ಬರೆದ ದಿನ ತಿದ್ದಬೇಡಿ, ಮರುದಿನ ಜೋರಾಗಿ ಓದಿ. ಕಣ್ಣು ದಾಟಿಹೋದ ತಪ್ಪು ಕಿವಿಗೆ ಸಿಗುತ್ತದೆ. ಪ್ರತಿ ವಾಕ್ಯದ ಕರ್ತೃವಿಗೆ ಒಂದು ಗೆರೆ, ಕ್ರಿಯಾಪದಕ್ಕೆ ಎರಡು ಗೆರೆ ಎಳೆಯಿರಿ. ಗೆರೆ ಎಳೆಯಲಿಕ್ಕೆ ಏನೂ ಸಿಗದ ವಾಕ್ಯ ನರ್ಸಸ್ ನೋಟ್ಸ್.

ಉಳಿದ ದಿನ ಒಂದು ಒಳ್ಳೆಯ ಮಾದರಿ ಪತ್ರದ ಒಂದೇ ಪ್ಯಾರಾ ತೆಗೆದುಕೊಳ್ಳಿ. ಮುಖ್ಯ ಪದಗಳನ್ನು ಮಾತ್ರ ಚೀಟಿಯಲ್ಲಿ ಗೀಚಿ, ಪತ್ರ ಮಡಚಿ ಇಟ್ಟು, ಚೀಟಿ ನೋಡಿ ಪ್ಯಾರಾ ನೀವೇ ಕಟ್ಟಿ. ಆಮೇಲೆ ಪಕ್ಕಪಕ್ಕ ಇಟ್ಟು ನೋಡಿ. ಎಲ್ಲಿ ‘ದಿ’ ಬಿಟ್ಟಿರಿ, ಎಲ್ಲಿ ‘ವಾಸ್’ ಬಿಟ್ಟಿರಿ ಅಂತ ಆ ಕಾಗದವೇ ತೋರಿಸುತ್ತದೆ. ತಪ್ಪನ್ನು ಒಂದು ಪುಸ್ತಕದಲ್ಲಿ ಬರೆದಿಡುವಾಗ ಪಕ್ಕದಲ್ಲಿ ಅದರ ಕನ್ನಡವನ್ನೂ ಬರೆಯಿರಿ, ಯಾವ ಕನ್ನಡ ಮಾತಿನಿಂದ ಅದು ಬಂತು ಅಂತ. ಈಗ ಮೊನ್ನೆಯ ಪ್ಯಾರಾ ಇನ್ನೊಮ್ಮೆ ಬರೆದು ಹಾಕಿ ನೋಡುವ.

ಬಂಟ್ವಾಳದ ಸ್ಟಾಫ್ ನರ್ಸ್

‘ದಿ ಪೇಶೆಂಟ್ ಈಸ್ ಎ 65-ಇಯರ್-ಓಲ್ಡ್ ಮ್ಯಾನ್ ಹೂ ಹ್ಯಾಸ್ ಹ್ಯಾಡ್ ಡಯಾಬಿಟಿಸ್ ಫಾರ್ ಟೆನ್ ಇಯರ್ಸ್. ಯೆಸ್ಟರ್‌ಡೇ ಹೀ ಫೆಲ್ ಇನ್ ಬಾತ್‌ರೂಮ್ ಆ್ಯಂಡ್ ವಾಸ್ ಅಡ್ಮಿಟೆಡ್ ಟು ಅವರ್ ವಾರ್ಡ್. ಆ್ಯನ್ ಎಕ್ಸ್‌ರೇ ಶೋಡ್ ನೋ ಫ್ರ್ಯಾಕ್ಚರ್.’

ಉತ್ತರ: ಮೇಡಂ

ಬಾತ್‌ರೂಮಿನ ಹಿಂದೆ ‘ದಿ’ ಬಿಟ್ಟುಹೋಗಿದೆ. ಬಾಕಿ ಎಲ್ಲ ಸರಿ ಉಂಟು.

ಬಂಟ್ವಾಳದ ಸ್ಟಾಫ್ ನರ್ಸ್

ಅಯ್ಯೋ, ಹೌದಲ್ಲ! ಪುಸ್ತಕದಲ್ಲಿ ಮೊದಲನೇ ಸಾಲು ಅದನ್ನೇ ಬರೆದೆ ಮೇಡಂ. ನೈಟ್ ಡ್ಯೂಟಿಗೆ ಹೊರಟೆ, ಬಸ್ ಬಂತು.