ಮಾಸ್ತರಿಕೆ ಸಂಬಳದಲ್ಲಿ ನಾಲ್ಕು ಕಾಸು ಮಾಡಿದವರು ಇದ್ದೀರಾ? ಹೇಗೆ ಮಾಡಿದಿರಿ?

ಕೇಳಿದವರು: ಅಂಕೋಲಾ ತಾಲೂಕು, ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ

ಕೆಲಸಕ್ಕೆ ಸೇರಿ ಮೂರು ವರ್ಷ ಆಯ್ತು. ವಯಸ್ಸು 28. ಕಡಿತ ಎಲ್ಲ ಹೋಗಿ ಕೈಗೆ 42 ಸಾವಿರದ ಆಸುಪಾಸು ಬರುತ್ತದೆ. ಬಾಡಿಗೆ, ಸ್ಕೂಟಿ ಕಂತು, ಊರಿಗೆ ಕಳಿಸುವುದು ಎಲ್ಲ ಕಳೆದರೂ 15 ಸಾವಿರ ಉಳಿಯಬೇಕು. ತಿಂಗಳ ಕೊನೆಗೆ ನೋಡಿದರೆ ಏನೂ ಇರುವುದಿಲ್ಲ. ಸ್ಟಾಫ್ ರೂಮಿನಲ್ಲಿ ಒಬ್ಬರು ಪಾಲಿಸಿ ಮಾಡಿಸು ಅಂತಾರೆ, ಇನ್ನೊಬ್ಬರು ಜಾಗ ತಗೋ ಅಂತಾರೆ. ಹಿರಿಯ ಮಾಸ್ತರು, ಅಕ್ಕೋರುಗಳು ದಯವಿಟ್ಟು ನಿಮ್ಮ ಅನುಭವ ಹೇಳಿ.

ಶಿರಸಿ, ನಿವೃತ್ತ ಅಕ್ಕೋರು

ತಂಗೀ, ಎಲ್ಲಕ್ಕಿಂತ ಮೊದಲು, ಯಾರ ಸಾಲಕ್ಕೂ ಜಾಮೀನು ಸಹಿ ಹಾಕಬೇಡ. ಉಳಿತಾಯ ಕೇಳಿದರೆ ಇವರು ಜಾಮೀನು ಅಂತಾರಲ್ಲ ಅನ್ನಬೇಡ. ನಮ್ಮ ಕಡೆ ಯಾರಿಗೆ ಸಾಲ ಬೇಕಾದರೂ ಮೊದಲು ನೆನಪಾಗುವುದು ಮಾಸ್ತರು. ಯಾಕೆ ಹೇಳು? ಅಡಿಕೆಗೆ ಕೊಳೆ ಬಂದರೂ ದರ ಬಿದ್ದರೂ ನಮ್ಮ ಸಂಬಳ ನಿಲ್ಲುವುದಿಲ್ಲ. ಕಾನೂನಿನಲ್ಲಿ ಸಾಲಗಾರನಿಗೆ ಎಷ್ಟು ಹೊಣೆಯೋ ಜಾಮೀನುದಾರನಿಗೂ ಅಷ್ಟೇ. "ಮೊದಲು ಅವನ ಹತ್ತಿರ ವಸೂಲಿ ಮಾಡಿ, ಆಮೇಲೆ ನನ್ನ ಹತ್ತಿರ ಬನ್ನಿ" ಅನ್ನಲು ಬರುವುದಿಲ್ಲ.

ನಮ್ಮ ಶಾಲೆಯಲ್ಲೇ ಒಬ್ಬರು ಮಾಸ್ತರು ನೆಂಟರ ಟೆಂಪೋ ಸಾಲಕ್ಕೆ ಸಹಿ ಹಾಕಿದ್ದರು. ಟೆಂಪೋ ಮಾರಿಹೋಯಿತು, ನೆಂಟರು ಊರು ಬಿಟ್ಟರು. ಮಾಸ್ತರ ಸಂಬಳದ ಚೀಟಿಯಲ್ಲಿ ಕಡಿತಗಳ ಕೆಳಗೆ "ಸೊಸೈಟಿ" ಅಂತ ಒಂದು ಸಾಲು ಬಂದು ಕೂತಿತು. ಮಗಳ ಮದುವೆ ವರ್ಷವೂ ಅದು ಹೋಗಲಿಲ್ಲ. ಯಾರಾದರೂ ಕೇಳಲು ಬಂದರೆ "ಮನೆಯವರ ಸಾಲಕ್ಕೆ ಆಗಲೇ ಸಹಿ ಹಾಕಿಯಾಗಿದೆ" ಅನ್ನು. ಸುಳ್ಳಾದರೂ ಅಡ್ಡಿಯಿಲ್ಲ.

ಇನ್ನು ಉಳಿತಾಯ. ಇರುವ ಸಂಬಳದಲ್ಲಿ ಹಿಡಿದು ಉಳಿಸುವುದು ಕಷ್ಟ. ಹೆಚ್ಚಾದ ಸಂಬಳದಲ್ಲಿ ಉಳಿಸುವುದು ಸುಲಭ, ಯಾಕೆಂದರೆ ಅದರ ರುಚಿ ಇನ್ನೂ ನಾಲಿಗೆಗೆ ಹತ್ತಿರುವುದಿಲ್ಲ. ಇನ್‌ಕ್ರಿಮೆಂಟ್ ಬಂದ ತಿಂಗಳೇ ಅದರ ಅರ್ಧಕ್ಕೆ ನಾನು ಅಂಚೆ ಕಚೇರಿಯಲ್ಲಿ ಹೊಸ ಆರ್‌ಡಿ (ತಿಂಗಳು ತಿಂಗಳು ಕಟ್ಟುವ ಠೇವಣಿ) ತೆರೆಯುತ್ತಿದ್ದೆ. ಡಿಎ (ತುಟ್ಟಿಭತ್ಯೆ) ಬಾಕಿ, 10 ವರ್ಷದ ಕಾಲಮಿತಿ ಬಡ್ತಿ, 15ನೇ ವರ್ಷದ್ದು, ಯಾವುದನ್ನೂ ಪೂರ್ತಿ ಮನೆಗೆ ತರಲಿಲ್ಲ. ಮಾರಿಕಾಂಬೆ ಜಾತ್ರೆ ವರ್ಷ ಮಾತ್ರ ಮಕ್ಕಳಿಗೆ ರಿಯಾಯಿತಿ! 5 ವರ್ಷದ ಆರ್‌ಡಿ ಒಂದಾದ ಮೇಲೆ ಒಂದು ಮುಗಿಯುತ್ತಾ ಬಂತು. ಅದರಲ್ಲೇ ಹಂಚಿನ ಮನೆ ತೆಗೆದು ಆರ್‌ಸಿಸಿ ಮಾಡಿದೆವು.

ನನಗೆ ಹಳೇ ಪಿಂಚಣಿ ಇದೆ, ನಿನಗಿಲ್ಲ. ಅದನ್ನು ಬೇರೆಯವರು ಹೇಳಲಿ.

ಕಾರವಾರ, ಹೈಸ್ಕೂಲು ಗಣಿತ ಮಾಸ್ತರು

ಅಕ್ಕೋರು ಹೇಳಿದ್ದು ನೂರಕ್ಕೆ ನೂರು ಸರಿ. ಹಳೇ ಪಿಂಚಣಿಯ ಬದಲು ನಮಗಿರುವ ಎನ್‌ಪಿಎಸ್ ಬಗ್ಗೆ ನಾನು ಹೇಳುತ್ತೇನೆ. 2006ರ ಏಪ್ರಿಲ್ 1ರಿಂದ ಈಚೆ ಸೇರಿದ ನಾವೆಲ್ಲ ಅದರಲ್ಲೇ ಇದ್ದೇವೆ. ಮೂಲ ವೇತನ ಮತ್ತು ಡಿಎ ಸೇರಿಸಿ ಶೇ 10 ನಮ್ಮಿಂದ ಹೋಗುತ್ತದೆ, ಸರ್ಕಾರ ತನ್ನ ಪಾಲು ಹಾಕುತ್ತದೆ. ನಿವೃತ್ತಿಯಲ್ಲಿ ಶೇ 60ರವರೆಗೆ ಕೈಗೆ, ಉಳಿದ ಶೇ 40 ಪಿಂಚಣಿ ಕೊಳ್ಳಲು. ನಿಮ್ಮ ಎನ್‌ಪಿಎಸ್ ಖಾತೆಯ ಪ್ರಾನ್ ನಂಬರ್ ಹಾಕಿ ಲಾಗಿನ್ ಆಗಿ, ತಿಂಗಳು ತಿಂಗಳು ಎರಡೂ ಪಾಲು ಜಮಾ ಆಗಿದೆಯಾ ನೋಡಿ. ವರ್ಗಾವಣೆ ಆದ ತಿಂಗಳುಗಳನ್ನು ಇನ್ನಷ್ಟು ಗಮನವಿಟ್ಟು ನೋಡಬೇಕು. ಒಂದು ತಿಂಗಳು ಬಿಟ್ಟುಹೋದರೆ ಅದನ್ನು ಹಿಡಿಯಬೇಕಾದವರು ನೀವೇ.

ಪಾಲಿಸಿ ವಿಷಯ. ಮಾರ್ಚ್ ಬಂತೆಂದರೆ ಸ್ಟಾಫ್ ರೂಮಿನಲ್ಲಿ "ತೆರಿಗೆ ಉಳಿಯುತ್ತದೆ" ಅಂತ ಪಾಲಿಸಿ ಮಾರುವವರು ಹುಟ್ಟಿಕೊಳ್ಳುತ್ತಾರೆ. 2025-26ರಿಂದ ಹೊಸ ತೆರಿಗೆ ಪದ್ಧತಿಯಲ್ಲಿ ಸಂಬಳದವರಿಗೆ 12.75 ಲಕ್ಷದವರೆಗೆ ತೆರಿಗೆಯೇ ಇಲ್ಲ. ನಿಮ್ಮ ಸಂಬಳಕ್ಕೆ ಉಳಿಸಲು ತೆರಿಗೆ ಎಲ್ಲಿದೆ? ಕೆಜಿಐಡಿ, ಅಂದರೆ ಸರ್ಕಾರಿ ನೌಕರರ ವಿಮೆ, ಹೇಗೂ ಕಡ್ಡಾಯವಾಗಿ ಕಟ್ ಆಗುತ್ತಿದೆ. ಮನೆಯವರು ನಿಮ್ಮ ದುಡಿಮೆ ನಂಬಿದ್ದರೆ ಒಂದು ಟರ್ಮ್ ಪಾಲಿಸಿ (ಅವಧಿಯೊಳಗೆ ನಾವು ಸತ್ತರೆ ಮಾತ್ರ ಮನೆಯವರಿಗೆ ಹಣ ಬರುವಂಥದ್ದು) ಮಾಡಿ, ಅಷ್ಟು ಸಾಕು.

ನಿಮ್ಮ 15 ಸಾವಿರದಲ್ಲಿ ನಾನಾದರೆ 5 ಸಾವಿರ ಪಿಪಿಎಫ್‌ಗೆ (ಸರ್ಕಾರದ 15 ವರ್ಷದ ಉಳಿತಾಯ ಖಾತೆಗೆ) ಹಾಕುತ್ತೇನೆ. ಬಡ್ಡಿ ಈಗಿನಂತೆ ಶೇ 7.1 ಇದ್ದರೆ 15 ವರ್ಷಕ್ಕೆ ಕಟ್ಟಿದ್ದು 9 ಲಕ್ಷ, ಸಿಗುವುದು 15 ಲಕ್ಷ 75 ಸಾವಿರದ ಮೇಲೆ. ಪ್ರತಿ ತಿಂಗಳು 5ನೇ ತಾರೀಕಿನೊಳಗೆ ಕಟ್ಟಬೇಕು, ಇಲ್ಲದಿದ್ದರೆ ಆ ಹಣಕ್ಕೆ ಆ ತಿಂಗಳ ಬಡ್ಡಿ ಸಿಗುವುದಿಲ್ಲ. ಸಂಬಳ ತಡವಾಗುವ ತಿಂಗಳು ನಮಗೆ ಹೊಸದಲ್ಲವಲ್ಲ. ಹಾಗಾಗಿ ಒಂದು ಕಂತು ಮುಂಚೆಯೇ ಎಸ್‌ಬಿ ಖಾತೆಯಲ್ಲಿ ಇಟ್ಟಿರಿ. ಇನ್ನೊಂದು 5 ಸಾವಿರ, ಷೇರು ಸೂಚ್ಯಂಕವನ್ನು ಹಿಂಬಾಲಿಸುವ ಇಂಡೆಕ್ಸ್ ಫಂಡಿನ ಎಸ್‌ಐಪಿಗೆ, ಅಂದರೆ ತಿಂಗಳ ಕಂತಿಗೆ. ಅದು ಏರುತ್ತದೆ, ಇಳಿಯುತ್ತದೆ, 10 ವರ್ಷ ಮುಟ್ಟದಿದ್ದರೆ ಮಾತ್ರ ಹಾಕಿ. ಉಳಿದದ್ದು ಕೈಖರ್ಚಿಗೆ, ಕಾಯಿಲೆ ಕಸಾಲೆಗೆ. ದಿನಾ ಷೇರು ಕೊಳ್ಳುವುದು ಮಾರುವುದು ಬೇಡ. ಸರ್ಕಾರಿ ನೌಕರರಿಗೆ ಷೇರಿನ ಸಟ್ಟಾ ನಡತೆ ನಿಯಮದಲ್ಲೇ ನಿಷಿದ್ಧ. ಟ್ಯೂಷನ್ನೂ ಅಷ್ಟೇ, ಶಿಕ್ಷಣ ಹಕ್ಕು (ಆರ್‌ಟಿಇ) ಕಾಯ್ದೆಯಲ್ಲೇ ಬೇಡ ಅಂತಿದೆ.

ಹೊನ್ನಾವರ, ಪ್ರಾಥಮಿಕ ಶಾಲೆ ಮಾಸ್ತರು

ಜಾಗದ ವಿಷಯಕ್ಕೆ ಬರೋಣ. ನಮ್ಮ ಜಿಲ್ಲೆಯಲ್ಲಿ ಸಸ್ತಾ ಜಾಗ ಅಂದರೆ ಹತ್ತಿರ ಹತ್ತಿರ ಅತಿಕ್ರಮಣ ಅಂತಲೇ ತಿಳಿಯಿರಿ. "ಅರಣ್ಯ ಹಕ್ಕಿಗೆ ಅರ್ಜಿ ಹಾಕಿದ್ದೇನೆ, ಪಟ್ಟಾ ಬಂದ ಮೇಲೆ ನಿಮ್ಮ ಹೆಸರಿಗೆ ಮಾಡಿಕೊಡ್ತೇನೆ" ಅಂತ ಛಾಪಾ ಕಾಗದದ ಮೇಲೆ ಬರೆದುಕೊಡುತ್ತಾರೆ. ನನಗೂ ಇಬ್ಬರು ತಂದು ತೋರಿಸಿದ್ದರು. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಬುಡಕಟ್ಟಿನವರನ್ನು ಬಿಟ್ಟು ಉಳಿದವರು 75 ವರ್ಷದ ವಾಸ್ತವ್ಯ ತೋರಿಸಬೇಕು. ಹಕ್ಕು ಸಿಕ್ಕರೂ ಅದು ಮಕ್ಕಳಿಗೆ ಹೋಗುತ್ತದೆ, ಮಾರಲು ಬರುವುದಿಲ್ಲ. ಅಂದರೆ ಆ ಕಾಗದಕ್ಕೆ ಯಾವತ್ತೂ ಬೆಲೆ ಇಲ್ಲ.

ಮಾಲ್ಕಿ (ಖಾಸಗಿ ಒಡೆತನದ) ಜಾಗವಾದರೂ ಪಹಣಿಯ 11ನೇ ಕಾಲಂ ಓದಿ, ಸಾಲದ ಬೋಜಾ ಅಲ್ಲೇ ಇರುತ್ತದೆ. ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿ. ಪಂಚಾಯ್ತಿ ಸೈಟಾದರೆ ಇ-ಸ್ವತ್ತಿನ (ಪಂಚಾಯ್ತಿ ಆಸ್ತಿಯ ಆನ್‌ಲೈನ್ ದಾಖಲೆಯ) 9 ಮತ್ತು 11ಎ ನಮೂನೆ ಕೇಳಿ. ಕಡಲ ಹತ್ತಿರ ಇದ್ದರೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಒಳಗೆ ಬರುತ್ತದಾ ವಿಚಾರಿಸಿ, ಬಂದರೆ ಜಾಗ ಇದ್ದೂ ಮನೆ ಕಟ್ಟಲಾಗದೇ ಹೋಗಬಹುದು. ಕೊಳ್ಳುವ ಮೊದಲೇ ಇಲಾಖೆಗೆ ತಿಳಿಸುವುದು, ಕೊಂಡ ಮೇಲೆ ವರ್ಷದ ಆಸ್ತಿ ವಿವರದಲ್ಲಿ ಬರೆಯುವುದು ಮರೆಯಬೇಡಿ.

ಕುಮಟಾ, ಖಾಸಗಿ ಶಾಲೆ ಟೀಚರ್

ನಮಗೆ ಡಿಎ ಇಲ್ಲ, ಇನ್‌ಕ್ರಿಮೆಂಟ್ ಆಡಳಿತ ಮಂಡಳಿಯ ಮರ್ಜಿ. ಆದರೂ ನನ್ನದೊಂದು ಮಾತು. ಸಹಕಾರಿ ಸಂಘದಲ್ಲಿ ಎಫ್‌ಡಿಗೆ ಒಂದೂವರೆ ಪರ್ಸೆಂಟ್ ಜಾಸ್ತಿ ಕೊಡುತ್ತಾರೆಂದು ಎಲ್ಲವನ್ನೂ ಅಲ್ಲೇ ಇಡಬೇಡಿ. ಬ್ಯಾಂಕ್ ಆದರೆ, ಸಹಕಾರಿ ಬ್ಯಾಂಕ್ ಆದರೂ ಸರಿ, 5 ಲಕ್ಷದವರೆಗೆ ಠೇವಣಿ ವಿಮೆ ಇದೆ. ಪತ್ತಿನ ಸಹಕಾರಿ ಸಂಘಕ್ಕೆ, ಸೌಹಾರ್ದಕ್ಕೆ ಆ ವಿಮೆ ಇಲ್ಲ. ಹೊರಗಿನ ಬೋರ್ಡ್ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ, ಕೌಂಟರಿನಲ್ಲಿ ಕೇಳಿಯೇ ಇಡಿ.

ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಕೊನೆಗೊಂದು ಪ್ರಶ್ನೆ. ಅಮ್ಮ ಮಾತ್ರ "ಏನೂ ಬೇಡ, ಚಿನ್ನ ಮಾಡಿಸು" ಅಂತಿದ್ದಾರೆ. ಚಿನ್ನ ಆಗಬಹುದಾ?

ಶಿರಸಿ, ನಿವೃತ್ತ ಅಕ್ಕೋರು

ಹಾಕಿಕೊಳ್ಳಲು ಆದರೆ ಧಾರಾಳ ಮಾಡಿಸು, ವಯಸ್ಸಿದೆ. ಉಳಿತಾಯಕ್ಕೆ ಆದರೆ ನಾಣ್ಯ ತಗೋ. ಸರಕ್ಕೆ ಕೊಟ್ಟ ಮಜೂರಿ ಮಾರುವಾಗ ವಾಪಸ್ ಬರುವುದಿಲ್ಲ. ಯಾವುದಾದರೂ ಹಾಲ್‌ಮಾರ್ಕ್ ನೋಡಿ ತಗೋ, ಬಿಲ್ಲು ಜೋಪಾನ ಮಾಡು. ಅಮ್ಮನ ಹತ್ತಿರ ವಾದ ಮಾಡಬೇಡ, ಒಂದು ನಾಣ್ಯ ಅವರ ಕೈಗೇ ಕೊಡು.