ಒಂಬತ್ತನೇ ಪ್ರಶ್ನೆಯ ‘ಜೋಂಬಿ’ಗೆ ನಮ್ಮ ಕಡೆ ಏನಂತಾರೆ?

ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆ ಇರುವವರು ಮಾತ್ರೆಯನ್ನು ಸರಿಯಾಗಿ ತಗೊಳ್ಳುತ್ತಿದ್ದಾರಾ ಎಂದು ಅಳೆಯಲು ‘ಮಾರ್ಸ್’ ಎಂಬ ಪ್ರಶ್ನೆಪಟ್ಟಿ ಇದೆ. 2000ದಲ್ಲಿ ಬಂದದ್ದು. ಹತ್ತು ಪ್ರಶ್ನೆ, ಹೌದು ಅಥವಾ ಇಲ್ಲ ಅಂದರೆ ಸಾಕು. ಹಾಸನದ ಸುತ್ತಮುತ್ತಲಿನವರಿಗೆ ಓದಿ ಹೇಳುವಂಥ ಕನ್ನಡದಲ್ಲಿ ಅದನ್ನು ಬರೆಯುತ್ತಿದ್ದೇನೆ.

ಮೊದಲನೆಯದು ಸಲೀಸು: ‘ಮಾತ್ರೆ ತಗೊಳ್ಳೋದು ಯಾವಾಗಲಾದರೂ ಮರೆತುಹೋಗುತ್ತಾ?’ ಎರಡನೆಯದು ಮಾತ್ರೆಯ ಬಗ್ಗೆ ಕೆಲವೊಮ್ಮೆ ಅಸಡ್ಡೆ ಮಾಡ್ತೀರಾ ಅನ್ನೋದು, ಅದಕ್ಕೆ ‘ಅಸಡ್ಡೆ’ ಅನ್ನೋ ಪದ ಬೇಡ ಅನಿಸಿತು. ಬೈದ ಹಾಗಿದ್ದರೆ ಯಾರು ನಿಜ ಹೇಳ್ತಾರೆ? ‘ಇವತ್ತೊಂದಿನ ಇರಲಿ ಬಿಡು ಅಂತ ಬಿಡೋದುಂಟಾ?’ ಎಂದು ಹಾಕಿದೆ.

ತೊಡಕಿರುವುದು ಒಂಬತ್ತನೆಯದರಲ್ಲಿ. ಮಾತ್ರೆ ತಗೊಂಡರೆ ಏನೋ ವಿಚಿತ್ರ, ‘ಜೋಂಬಿ’ (ಸಿನಿಮಾಗಳಲ್ಲಿ ಬರುವ ನಡೆದಾಡುವ ಹೆಣ) ಥರ ಆಗುತ್ತೆ ಅನ್ನೋ ಮಾತು ಅದು. ಎಚ್ಚರ ಇರುತ್ತೆ, ಓಡಾಡ್ತಾರೆ, ಆದರೆ ನಗುವೂ ಬರಲ್ಲ, ಅಳುವೂ ಬರಲ್ಲ. ಈ ಕಾಯಿಲೆಯ ಕೆಲವು ಔಷಧಿಗಳಿಂದ ಹೀಗಾಗುವುದು ನಿಜ. ಎಷ್ಟೋ ಜನ ಮಾತ್ರೆ ಬಿಡುವುದೇ ಇದಕ್ಕೆ. ಹಾಗಾಗಿ ಈ ಪ್ರಶ್ನೆ ಕೇಳಿಸಿಕೊಳ್ಳುವವರಿಗೆ ಸರಿಯಾಗಿ ಮುಟ್ಟಲೇಬೇಕು.

‘ಮಂಪರು’ ಅಂದರೆ ನಿದ್ದೆಗಣ್ಣು ಅಂತ ತಿಳೀತಾರೆ. ಸುಸ್ತು, ಜಡತನ ಹತ್ತನೇ ಪ್ರಶ್ನೆಯಲ್ಲಿ ಬೇರೆಯೇ ಇದೆ, ಎರಡೂ ಒಂದೇ ಆಗಿಬಿಡುತ್ತವೆ. ‘ಕೀಲುಗೊಂಬೆ’ ಚೆನ್ನಾಗಿದೆ, ಆದರೆ ಔಷಧಿ ನಮ್ಮ ಮನಸ್ಸು ಮೈಯನ್ನು ಹಿಡಿತದಲ್ಲಿಟ್ಟುಕೊಳ್ಳುವ ಮಾತು ಆರನೆಯದರಲ್ಲಿ ಬಂದುಹೋಗಿದೆ. ‘ಗರ ಬಡಿದ ಹಾಗೆ’ ಅರ್ಥಕ್ಕೆ ಹತ್ತಿರ. ಆದರೆ ಕಾಯಿಲೆಯನ್ನೇ ಗಾಳಿ ಸೋಕಿದ್ದು ಅಂದುಕೊಂಡು ತಾಯತ ಕಟ್ಟಿಸಿರುವ ಮನೆಗಳಿವೆ. ಅಲ್ಲಿ ಈ ಮಾತು ಮಾತ್ರೆಯನ್ನು ಬಿಟ್ಟು ಕಾಯಿಲೆಗೇ ಅಂಟಿಕೊಳ್ಳುತ್ತೆ. ‘ನಾನು ನಾನಾಗಿಲ್ಲ’ ಅಂತ ಬರೆಯೋಣ ಅಂದರೆ, ಹಾಗನಿಸುವುದು ಈ ಕಾಯಿಲೆಯ ಲಕ್ಷಣವೂ ಆಗಿರಬಹುದು.

‘ಮಂಕು’ ಎಲ್ಲರಿಗೂ ಗೊತ್ತು. ಆದರೆ ದಡ್ಡ ಅಂತ ಬೈಯೋಕೂ ಅದೇ ಪದ, ಅಲ್ವಾ? ‘ಮಂಕು ಬಡಿದ ಹಾಗೆ’ ಅನ್ನೋದರ ಬದಲು ‘ಮಂಕು ಕವಿದ ಹಾಗೆ’ ಅಂದರೆ ಬೈಗುಳದ ವಾಸನೆ ಹೋಗುತ್ತೆ ಅನಿಸುತ್ತೆ. ಸದ್ಯಕ್ಕೆ ನನ್ನ ಒಲವು ಅದರ ಕಡೆಗೇ: ‘ಮಾತ್ರೆ ತಗೊಂಡರೆ ಒಂಥರಾ ಆಗುತ್ತೆ, ಮಂಕು ಕವಿದ ಹಾಗಿರುತ್ತೆ.’

ಅರಸೀಕೆರೆ ಕಡೆಯವರು, ಸಕಲೇಶಪುರ, ಮೂಡಿಗೆರೆಯ ತೋಟದ ಕಡೆಯವರು ಇದನ್ನು ಕೇಳಿದರೆ ಬರೀ ಬೇಜಾರು ಅಂತ ತಿಳಿಯುತ್ತಾರಾ? ನಿಮ್ಮ ಮನೆಯಲ್ಲೋ ಪರಿಚಯದಲ್ಲೋ ಈ ಮಾತ್ರೆ ತಗೊಳ್ಳುವವರಿದ್ದರೆ, ಅವರು ಇದನ್ನು ತಾವಾಗಿ ಏನಂತ ಹೇಳ್ತಾರೆ? ಹೆಸರು ಬೇಡ, ಮಾತು ಮಾತ್ರ ಅವರದೇ ಇರಲಿ.