ಕೆಳಗಿನ ಮನೆ ಈಜಿಪ್ಟ್ ಅಜ್ಜಿ ಕೊಟ್ಟ ಡಬ್ಬಿಗೆ ಏನು ತುಂಬಿ ವಾಪಸ್ ಕೊಡೋದು?

ಶಿರಾಗೇಟ್ ಹುಡುಗ, ತುಮಕೂರು
ಎಲ್ರಿಗೂ ನಮಸ್ಕಾರ. ನಮ್ಮಮ್ಮ ಅಕ್ಕನ ಬಾಣಂತನಕ್ಕೆ ಅಂತ ಅಮೆರಿಕದ ಜೆರ್ಸಿ ಸಿಟಿಗೆ ಹೋಗವ್ರೆ. ಮನೆ ಓನರ್ ಈಜಿಪ್ಟ್‌ನವ್ರು, ಕೆಳಗಡೆನೇ ಇರೋದು. ಓನರ್ ತಾಯಿಗೆ ಅರಬಿ ಬಿಟ್ರೆ ಇನ್ನೊಂದು ಭಾಷೆ ಬರಲ್ಲ, ನಮ್ಮಮ್ಮಂಗೆ ಕನ್ನಡ ಬಿಟ್ರೆ ಬರಲ್ಲ, ಆದ್ರೂ ಮಧ್ಯಾಹ್ನ ಆದ್ರೆ ಇಬ್ರೂ ಒಟ್ಟಿಗೆ ಕೂತಿರ್ತಾರೆ. ಆ ಅಜ್ಜಿ ಬಲಗೈ ಮಣಿಕಟ್ಟಿನ ಒಳಗೆ ಪುಟ್ಟ ಶಿಲುಬೆ ಹಚ್ಚೆ ಐತಂತೆ, ನಮ್ಮಮ್ಮನ ಮುಂಗೈಲಿ ಕೊರವಂಜಿ ಹಾಕಿದ ಹಚ್ಚೆ, ಮೊದಲ್ನೇ ದಿನ ಒಬ್ರ ಕೈ ಒಬ್ರು ಹಿಡ್ಕೊಂಡು ಅದನ್ನೇ ನೋಡ್ತಾ ಕೂತಿದ್ರಂತೆ.

ಈಗ ಸಮಸ್ಯೆ ಏನಪ್ಪಾ ಅಂದ್ರೆ ಅಜ್ಜಿ ಡಬ್ಬಿ ತುಂಬ ಅಡುಗೆ ಕಳಿಸ್ತಾರೆ, ನಾವು ಸಸ್ಯಾಹಾರಿಗಳು, ಅಮ್ಮ ಮಾಂಸ ಇರುತ್ತೆ ಅಂತ ಮುಟ್ಟಲ್ಲ. ಖಾಲಿ ಡಬ್ಬಿ ವಾಪಸ್ ಕೊಡಬಾರ್ದು ಅಂತ ಹೋದ ವಾರ ತುಪ್ಪ ಸುರಿದು ಮೈಸೂರ್‌ಪಾಕ್ ಮಾಡಿ ಕೊಟ್ರೆ ಅಜ್ಜಿ ಎದೆ ಮೇಲೆ ಕೈ ಇಟ್ಕೊಂಡು ಬೇಡ ಅಂದುಬಿಟ್ರಂತೆ. "ನನ್ನ ಕೈ ಅಡುಗೆ ಅವ್ರಿಗೆ ಆಗಲ್ವೇನೋ ಮಗಾ" ಅಂತ ಅಮ್ಮ ಫೋನಲ್ಲಿ ಅತ್ರು. ಅಲ್ಲಿದ್ದು ಬಂದೋರು ಯಾರಾದ್ರೂ ಹೇಳ್ರಪ್ಪ, ನಮ್ಮಿಂದ ಏನು ತಪ್ಪಾಗಿದೆ?

ಕೋಲಾರದ ಶ್ರೀನಿ
ತಪ್ಪೇನೂ ಆಗಿಲ್ಲ, ಅವ್ರಿಗೆ ಉಪವಾಸ! ಮಣಿಕಟ್ಟಲ್ಲಿ ಶಿಲುಬೆ ಅಂದ್ರೆ ಕಾಪ್ಟಿಕ್, ಅಂದ್ರೆ ಈಜಿಪ್ಟ್‌ನ ಹಳೇ ಕಾಲದ ಕ್ರಿಶ್ಚಿಯನ್ನರು. ಅವ್ರ ಕ್ರಿಸ್‌ಮಸ್ ಜನವರಿ 7ಕ್ಕೆ, ಅದಕ್ಕೆ ಮುಂಚೆ 43 ದಿನ ಮಾಂಸ ಮೊಟ್ಟೆ ಹಾಲು ಬೆಣ್ಣೆ ತುಪ್ಪ ಯಾವುದೂ ಇಲ್ಲ, ಮೀನು ಮಾತ್ರ ನಡೆಯುತ್ತೆ. ಎಲ್ಲಾ ಉಪವಾಸ ಸೇರಿದ್ರೆ ವರ್ಷಕ್ಕೆ 200 ದಿನ ದಾಟುತ್ತೆ. ಅಂದ್ರೆ ಅಮ್ಮ ಮುಟ್ಟದೇ ಬಿಟ್ಟಿದ್ದ ಡಬ್ಬೀಲಿ ಕೋಶರಿ ಇದ್ದಿರಬಹುದು ನೋಡಿ, ಅನ್ನ, ಮಸೂರ್ ಕಾಳು, ಮ್ಯಾಕರೋನಿ, ಮೇಲೆ ಟೊಮೆಟೊ ಗೊಜ್ಜು, ಕರುಂ ಕುರುಂ ಅನ್ನೋ ಹಂಗೆ ಕರಿದ ಈರುಳ್ಳಿ. ಇಲ್ಲಾ ತಾಮಿಯಾ ಇದ್ದಿರಬಹುದು, ಅಂದ್ರೆ ಕಾಳು ನೆನೆಸಿ ಸೊಪ್ಪು ಹಾಕಿ ರುಬ್ಬಿ ಕರಿಯೋದು, ಥೇಟ್ ನಮ್ಮ ವಡೆ. ಮೀನಿಲ್ಲ ಅಂತ ಅಕ್ಕ ಒಂದ್ಮಾತು ಕೇಳ್ಕೊಂಡ್ರೆ ಸಾಕು.

ನಾನು ಅಲ್ಲಿ ಆರು ವರ್ಷ ಇದ್ದೆ. ವೆಸ್ಟ್ ಸೈಡ್ ಅವೆನ್ಯೂನಲ್ಲಿ ಸೇಂಟ್ ಮಾರ್ಕ್ ಚರ್ಚಿದೆ, 1970ರಿಂದ ಇರೋದು, ಇಂಗ್ಲಿಷು, ಅರಬಿ, ಅವ್ರ ಹಳೇ ಕಾಪ್ಟಿಕ್ ಭಾಷೆ ಎಲ್ಲಾ ಬೆರೆಸಿ ಪೂಜೆ. ಅಲ್ಲೇ ಹುಟ್ಟಿದ ಮಕ್ಕಳು ಅಜ್ಜಿ ಅರಬೀಲಿ ಕೇಳಿದ್ರೆ ಇಂಗ್ಲಿಷಲ್ಲಿ ಉತ್ತರ ಕೊಡ್ತಾರೆ, ಆ ವಯಸ್ಸಾದ ಜೀವಗಳು ಹಗಲೆಲ್ಲಾ ಕಿಟಕಿ ಹತ್ರ ಒಬ್ರೇ. ನಿಮ್ಮಮ್ಮ ಅವ್ರಿಗೆ ದೇವ್ರು ಕೊಟ್ಟಂಗೆ ಸಿಕ್ಕವ್ರೆ, ದಯವಿಟ್ಟು ಹೋಗೋದು ನಿಲ್ಲಿಸ್ಬೇಡಿ ಅನ್ನಿ. ಡಬ್ಬಿಗೆ ತುಪ್ಪ ಮೊಸರು ಸೋಕದ ಯಾವುದಾದ್ರೂ ಕೊಡಿ. ತುಮಕೂರಿನೋರಾಗಿ ತಟ್ಟೆ ಇಡ್ಲಿ ಮರೆತ್ರಾ?

ಚಿಂತಾಮಣಿ ಮಂಜು
ಶ್ರೀನಿ ಅಣ್ಣ ಹೇಳಿದ್ದು ಸರಿ, ಆದ್ರೆ ಹಬ್ಬ ಕಳೆದ ಮೇಲೆ ಹುಷಾರು. ಮುಲೂಖಿಯಾ ಅಂತ ಸೊಪ್ಪಿನ ಸಾರು ಮಾಡ್ತಾರೆ, ನೋಡಕ್ಕೆ ಬರೀ ಸೊಪ್ಪು, ಒಳಗೆ ಕೋಳಿ ಇಲ್ಲಾ ಮೊಲ ಬೇಯಿಸಿದ ನೀರಿರುತ್ತೆ. ಬೆಳ್ಳುಳ್ಳಿ ಕೊತ್ತಂಬರಿ ಒಗ್ಗರಣೆ ಸುರಿಯೋವಾಗ ಹೆಂಗಸ್ರು "ಹಾ" ಅಂತ ಜೋರಾಗಿ ಉಸಿರೆಳೀಬೇಕು, ಇಲ್ಲಾಂದ್ರೆ ರುಚಿ ಬರಲ್ಲ ಅಂತ ನಂಬ್ಕೆ.

ನಾನು ಕುವೈತ್‌ನಲ್ಲಿ 11 ವರ್ಷ ಈಜಿಪ್ಟ್‌ನವ್ರ ಜೊತೆ ಸೈಟ್ ಕೆಲಸ ಮಾಡಿದೀನಿ, ಅವ್ರು ಹೆಚ್ಚಿನೋರು ಮುಸ್ಲಿಮರು, ಕಥೆನೇ ಬೇರೆ. ಗಲ್ಫಲ್ಲಿ ಎಷ್ಟು ವರ್ಷ ದುಡಿದ್ರೂ ಅಲ್ಲಿನೋರು ಆಗಕ್ಕಾಗಲ್ಲ, ಅದಕ್ಕೆ ಜೀವ ಎಲ್ಲಾ ಊರ ಮನೆ ಮೇಲೆ. ನನ್ನ ರೂಮ್‌ಮೇಟ್ ಫೋಟೋ ತೋರಿಸ್ತಿದ್ದ, ಬರೀ ಇಟ್ಟಿಗೆ ಮನೆ, ಪ್ಲಾಸ್ಟರ್ ಇಲ್ಲ, ತಾರಸಿ ಮೇಲೆ ಕಂಬಿ ಹಂಗೇ ಬಿಟ್ಟಿದ್ರು, ಮಗನ ಮದುವೆ ಹೊತ್ತಿಗೆ ಇನ್ನೊಂದು ಅಂತಸ್ತು ಏರಿಸಕ್ಕೆ. ನಮ್ಮೂರಲ್ಲೂ ಅದೇ ಅಲ್ವಾ.

ಇನ್ನೊಂದು, ಅಮ್ಮಂಗೆ "ತಿಸ್ಲಮ್ ಇದೇಕಿ" ಅಂತ ಹೇಳಕ್ಕೆ ಕಲಿಸಿ. ನಿಮ್ಮ ಕೈ ಚೆನ್ನಾಗಿರ್ಲಿ ಅಂತ, ಅಡುಗೆ ಮಾಡಿದೋರಿಗೆ ಹೇಳೋದು.

ಶಿರಾಗೇಟ್ ಹುಡುಗ, ತುಮಕೂರು
ಇಬ್ರಿಗೂ ಕೈ ಮುಗಿದೆ. ಉಪವಾಸ ಅಂತ ಗೊತ್ತಾದ ತಕ್ಷಣ ಅಮ್ಮ "ಅಯ್ಯೋ ವ್ರತದಲ್ಲಿರೋರಿಗೆ ತುಪ್ಪ ಕೊಟ್ನಲ್ಲೋ" ಅಂತ ಪೇಚಾಡ್ಕೊಂಡು ಆ ರಾತ್ರಿನೇ ಅಕ್ಕಿ ಉದ್ದು ನೆನೆಹಾಕಿದ್ರು. ಆ ಚಳೀಗೆ ಹಿಟ್ಟು ಹುದುಗಲಿಲ್ಲ, ರಾತ್ರಿಯೆಲ್ಲಾ ಹೀಟರ್ ಪಕ್ಕ ಇಟ್ಟವ್ರೆ. ಬೆಳಿಗ್ಗೆ ನಾಲ್ಕು ತಟ್ಟೆ ಇಡ್ಲಿ, ಕಡ್ಲೆಕಾಯಿ ಚಟ್ನಿ, ಮೊಸರು ಸೋಕಿಸಿಲ್ಲ. ಅಜ್ಜಿ ಅಲ್ಲೇ ನಿಂತು ಕೈಯಲ್ಲೇ ಮುರಿದು ತಿಂದ್ರಂತೆ.

ಜನವರಿ 7ಕ್ಕೆ ಊಟಕ್ಕೂ ಕರ್ದವ್ರಂತೆ. ಮಂಜಣ್ಣ ಹೇಳಿದ ಮಾತನ್ನ ಅಮ್ಮ ಕನ್ನಡದಲ್ಲಿ ಚೀಟಿ ಬರೆದು ಫ್ರಿಡ್ಜ್ ಬಾಗಿಲಿಗೆ ಅಂಟಿಸ್ಕೊಂಡವ್ರೆ, ಓಡಾಡ್ತಾ ಓದ್ಕೊತಾರಂತೆ. ಆವತ್ತು ಮಾಂಸ ಇಲ್ಲದ್ದು ಯಾವುದು ಅಂತ ಗುರುತಿಸೋದು ಹೆಂಗೆ, ಶ್ರೀನಿ ಅಣ್ಣ?